ಊಟದ ನಡುವಣ ತಿಂಡಿ ಪಾನೀಯಗಳು: ಮಿತಾಹಾರವನ್ನು ಕೈಕೊಂಡ ಗ್ರಾಮ ಮುಖಂಡರಿಗೂ ಜಮೀನುದಾರರಿಗೂ ಕೆಲವು ಸೂಚನೆಗಳು

ಬೇಸಾಯಗಾರನ ಆಹಾರವು ಆತನ ದುಡಿಮೆಯ ಅಳತೆಗೆ ಸರಿಯಾಗಿ ಪೂರ್ವದಿಂದಲೂ ಏರ್ಪಟ್ಟಿರತಕ್ಕದ್ದು. ಒಂಬತ್ತು ಅಂಗುಲ ಅಗಲದ ಸಾಲುಗಳಲ್ಲಿ ಒಂದು ಎಕರೆ ಭೂಮಿಯನ್ನು ಒಂದಾವೃತ್ತಿ ಉಳಬೇಕಾದರೆ ಎತ್ತುಗಳ ಹಿಂದೆ ಸುಮಾರು 11 ಮೈಲಿಗಳಷ್ಟು, ಎಂದರೆ 17ರಿಂದ 18 ಕಿಲೋಮೀಟರುಗಳಷ್ಟು ದೂರ, ನೇಗಿಲಿನ ಮೇಣಿಯನ್ನು ಅದುಮಿಕೊಂಡು ನಡೆಯಬೇಕಾಗುತ್ತದೆ. ಇಷ್ಟು ನಡೆದವನಿಗೆ ಹೊತ್ತಿಗೊಂದು ಮುದ್ದೆಯೂ, ನಡುವೆ ಒಂದು ಚೂರು ಬೆಲ್ಲವೂ, ಹಿಡಿ ಪುರಿಯೂ ಅಧಿಕವೆನಿಸುತ್ತಿರಲಿಲ್ಲ. ಈಗಲಾದರೋ ಉಳುಮೆಯನ್ನು ಟ್ರಾಕ್ಟರು ಮಾಡುತ್ತದೆ. ನೀರನ್ನು ವಿದ್ಯುತ್ ಪಂಪು ಎತ್ತುತ್ತದೆ. ಜಮೀನಿಗೆ ಹೋಗಿ ಬರುವುದು ಮೋಟಾರು ಸೈಕಲ್ಲಿನ ಮೇಲೆ. ಕಾಲಿನ ಕೆಲಸವು ತಪ್ಪಿತು. ಬಾಯಿಯ ಕೆಲಸವು ಮಾತ್ರ ತಪ್ಪಲಿಲ್ಲ. ತಪ್ಪದಿದ್ದುದು ಮಾತ್ರವಲ್ಲ, ಕಾಫಿಯ ಲೋಟಗಳೂ ಅಂಗಡಿಯ ಪೊಟ್ಟಣಗಳೂ ಸೇರಿ ಅದು ಹೆಚ್ಚುತ್ತಲೇ ಬಂದಿದೆ.

ಇದರ ಪರಿಣಾಮವು ಗ್ರಾಮಗಳಲ್ಲಿ ಸ್ಪಷ್ಟವಾಗಿ ಕಾಣಬರುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಮಧುಮೇಹವೂ, ಮತ್ತೆ ಸುಮಾರು 13 ಕೋಟಿ 60 ಲಕ್ಷ ಜನರಿಗೆ ಅದರ ಪೂರ್ವಸ್ಥಿತಿಯೂ ಇರುವುದಾಗಿ ಅಂದಾಜು ಮಾಡಲಾಗಿದೆ. ಇದು ಪಟ್ಟಣವಾಸಿಗಳ ರೋಗವೆಂದು ಹಳ್ಳಿಗರು ಉದಾಸೀನ ಮಾಡುವ ಕಾಲವು ಕಳೆಯಿತು. ಗದ್ದೆಯಲ್ಲಿ ಬರಿಗಾಲಿನಲ್ಲಿ ತಿರುಗುವವರಿಗಂತೂ ಈ ರೋಗವು ವಿಶೇಷವಾಗಿ ಅಪಾಯಕರ. ಬಹುಕಾಲ ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದವರ ಪಾದಗಳಲ್ಲಿ ಸ್ಪರ್ಶಜ್ಞಾನವು ಕುಂದುವುದರಿಂದ, ಚುಚ್ಚಿದ ಜಾಲಿಯ ಮುಳ್ಳು ಅವರಿಗೆ ತಿಳಿಯುವುದಿಲ್ಲ. ತಿಳಿಯದ ಗಾಯ ಕೊಳೆಯುತ್ತದೆ. ಕೊಳೆತ ಬೆರಳನ್ನು, ಕೆಲವು ವೇಳೆ ಪಾದವನ್ನೇ, ತೆಗೆಯಬೇಕಾಗಿ ಬರುತ್ತದೆ. ಆಸ್ಪತ್ರೆಯ ವೆಚ್ಚಕ್ಕಾಗಿ ಪಿತ್ರಾರ್ಜಿತ ಭೂಮಿಯನ್ನು ಆಧಾರ ಮಾಡಿದ ಕುಟುಂಬಗಳನ್ನು ಕಾಣದ ಹೋಬಳಿಯು ವಿರಳ. ಆದಕಾರಣ ಇದು ಕೇವಲ ವೈದ್ಯರ ವಿಷಯವಲ್ಲ, ಬೇಸಾಯದ ವಿಷಯವೂ ಹೌದು.

ವೈದ್ಯರು ಇಂಥವರಿಗೆ ಶಾಖವನ್ನೂ ಶರ್ಕರಪಿಷ್ಟವನ್ನೂ ಕಡಿಮೆ ಮಾಡಿದ ಆಹಾರವನ್ನು ವಿಧಿಸುವುದುಂಟು. ಅನೇಕರು ಎರಡು ಹೊತ್ತಿನ ಊಟದಲ್ಲಿ ಈ ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಾರೆ. ಆದರೆ ಊಟ ಊಟಗಳ ನಡುವೆ ಸೇವಿಸುವ ತಿಂಡಿ ಪಾನೀಯಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ತೂಬನ್ನು ಭದ್ರವಾಗಿ ಮುಚ್ಚಿ, ಏರಿಯ ಬುಡದಲ್ಲಿ ಏಡಿ ತೋಡಿದ ಬಿಲವನ್ನು ಹಾಗೆಯೇ ಬಿಟ್ಟಂತೆ ಇದು. ಈ ಬಿಲವನ್ನು ಮುಚ್ಚುವ ಬಗೆ ಹೇಗೆಂಬುದನ್ನು ಕೆಳಗೆ ವಿವರಿಸಲಾಗಿದೆ.

ಶಾಖ ಮತ್ತು ಶರ್ಕರಪಿಷ್ಟ

ಆಹಾರದಿಂದ ದೇಹಕ್ಕೆ ದೊರೆಯುವ ಶಾಖವನ್ನು ಕ್ಯಾಲೊರಿ ಎಂಬ ಮಾನದಿಂದ ಅಳೆಯುವುದು ರೂಢಿಯಲ್ಲಿದೆ. ಒಂದು ಗ್ರಾಂ ಶರ್ಕರಪಿಷ್ಟದಿಂದ 4, ಒಂದು ಗ್ರಾಂ ಸಸಾರಜನಕದಿಂದ 4, ಒಂದು ಗ್ರಾಂ ಜಿಡ್ಡಿನಿಂದ 9, ಒಂದು ಗ್ರಾಂ ಮದ್ಯಸಾರದಿಂದ 7 ಕ್ಯಾಲೊರಿಗಳು ದೊರೆಯುತ್ತವೆ. ಶರ್ಕರಪಿಷ್ಟವೆಂದರೆ ಸಕ್ಕರೆ, ಬೆಲ್ಲ, ಜೇನು ಮೊದಲಾದ ಸಿಹಿ ವಸ್ತುಗಳೂ, ಅಕ್ಕಿ, ರಾಗಿ, ಜೋಳ, ಗೋಧಿ, ಗೆಣಸು ಮುಂತಾದವುಗಳಲ್ಲಿರುವ ಪಿಷ್ಟವೂ ಸೇರಿದ ವರ್ಗ. ಜಠರದಲ್ಲಿಯೂ ಕರುಳಿನಲ್ಲಿಯೂ ಇವೆಲ್ಲವೂ ಕಡೆಗೆ ಸಕ್ಕರೆಯಾಗಿ ಮಾರ್ಪಟ್ಟು ರಕ್ತವನ್ನು ಸೇರುತ್ತವೆ. ವ್ಯತ್ಯಾಸವೆಲ್ಲ ಬೇಗ ಸೇರುವುದು, ತಡವಾಗಿ ಸೇರುವುದು ಎಂಬುದರಲ್ಲಿ ಮಾತ್ರ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2020ರಲ್ಲಿ ಗೊತ್ತುಮಾಡಿದ ಪ್ರಮಾಣದಂತೆ, ಕಠಿಣವಾದ ದೇಹಶ್ರಮ ಮಾಡುವ ಗಂಡಸಿಗೆ ದಿನವೊಂದಕ್ಕೆ 3,470 ಕ್ಯಾಲೊರಿಗಳು ಬೇಕು. ಕುಳಿತು ಕೆಲಸ ಮಾಡುವವನಿಗೆ 2,110 ಸಾಕು. ಎತ್ತಿನ ಹಿಂದೆ ನಡೆಯುತ್ತಿದ್ದ ತಂದೆಗೂ, ಜಗಲಿಯಲ್ಲಿ ಕುಳಿತು ಲೆಕ್ಕ ನೋಡುವ ಮಗನಿಗೂ ದಿನಕ್ಕೆ 1,360 ಕ್ಯಾಲೊರಿಗಳ ವ್ಯತ್ಯಾಸವುಂಟೆಂದಾಯಿತು. ತಂದೆಯ ಬಾಯಿ, ಮಗನ ಮೈ ಎರಡೂ ಒಬ್ಬನಲ್ಲಿ ಕೂಡಿದರೆ ರೋಗವು ಬರುವುದು ಆಶ್ಚರ್ಯವಲ್ಲ.

ಶರ್ಕರಪಿಷ್ಟವನ್ನು ಎಷ್ಟು ತಗ್ಗಿಸಬೇಕೆಂಬುದರಲ್ಲಿ ಅತಿರೇಕವು ಸಲ್ಲದು. ಮೇಲೆ ಹೇಳಿದ ಮಂಡಳಿಯ ಸಮೀಕ್ಷೆಯ ಅಂಕಿಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಲೆಕ್ಕದಂತೆ, ಹೊಸದಾಗಿ ಮಧುಮೇಹ ಕಂಡುಬಂದವರಲ್ಲಿ ರೋಗವು ಹಿಮ್ಮೆಟ್ಟಬೇಕಾದರೆ ಒಟ್ಟು ಶಾಖದಲ್ಲಿ ಶರ್ಕರಪಿಷ್ಟದ ಪಾಲು ಶೇಕಡಾ 49ರಿಂದ 54ರಷ್ಟೂ, ಸಸಾರಜನಕದ ಪಾಲು ಶೇಕಡಾ 19ರಿಂದ 20ರಷ್ಟೂ ಇರುವುದು ಹಿತವೆಂದು ಕಂಡುಬಂದಿದೆ. ಈ ದೇಶದ ಸಾಮಾನ್ಯ ಊಟದಲ್ಲಿ ಶರ್ಕರಪಿಷ್ಟವು ಶೇಕಡಾ 60ನ್ನು ಮೀರಿರುತ್ತದೆ. ಅಂದರೆ ಮುದ್ದೆಯನ್ನೇ ತ್ಯಜಿಸಬೇಕೆಂದಲ್ಲ. ಮುದ್ದೆಯನ್ನು ಚಿಕ್ಕದು ಮಾಡಿ, ಸಾರಿನಲ್ಲಿ ಕಾಳನ್ನು ಹೆಚ್ಚಿಸಿ, ನಡುವಣ ಸಿಹಿಯನ್ನು ಬಿಟ್ಟರೆ ಬಹುಮಟ್ಟಿಗೆ ಕಾರ್ಯ ಸಾಧಿಸಿದಂತಾಯಿತು. ಇದಕ್ಕಿಂತಲೂ ಕಠಿಣವಾದ ಪಥ್ಯವನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಕೈಕೊಳ್ಳತಕ್ಕದ್ದು.

ಮುಖಂಡರ ಒಂದು ದಿನದ ಲೆಕ್ಕ

ಗ್ರಾಮದ ಮುಖಂಡರಿಗೆ ಈ ವಿಷಯದಲ್ಲಿ ಇತರರಿಗಿಲ್ಲದ ಒಂದು ತೊಡಕುಂಟು. ಪಾಲುಪಾರಿಕತ್ತಿಗೆ ಒಂದು ಮನೆ, ಬದುವಿನ ವ್ಯಾಜ್ಯಕ್ಕೆ ಒಂದು ಮನೆ, ಮದುವೆಯ ಮಾತಿಗೆ ಇನ್ನೊಂದು ಮನೆ, ಪಂಚಾಯತಿ ಸಭೆ, ಸಹಕಾರ ಸಂಘ, ಹೀಗೆ ದಿನವಿಡೀ ತಿರುಗಾಟವಿರುತ್ತದೆ. ಹೋದೆಡೆಯಲ್ಲೆಲ್ಲ ಕಾಫಿ ಬರುತ್ತದೆ. ಬೇಡವೆಂದರೆ ಮನೆಯವರು ನೊಂದುಕೊಳ್ಳುತ್ತಾರೆ. ಒಂದು ಪಕ್ಷದವರ ಮನೆಯಲ್ಲಿ ಕುಡಿದು ಇನ್ನೊಂದು ಪಕ್ಷದವರ ಮನೆಯಲ್ಲಿ ಕುಡಿಯದಿದ್ದರೆ ನ್ಯಾಯದಲ್ಲಿಯೇ ಪಕ್ಷಪಾತವೆಂಬ ಅಪವಾದವೂ ಬರಬಹುದು.

ಇಂತಹ ಒಬ್ಬರು ದಿನಕ್ಕೆ ಆರು ಲೋಟ ಕಾಫಿ ಕುಡಿಯುವರೆಂದೂ, ಒಂದೊಂದರಲ್ಲಿ ಎರಡು ಚಹಾ ಚಮಚೆ ಸಕ್ಕರೆ ಇರುವುದೆಂದೂ ಇಟ್ಟುಕೊಳ್ಳಬಹುದು. ಒಂದು ಚಮಚೆಗೆ 5 ಗ್ರಾಂಗಳಂತೆ 12 ಚಮಚೆಗೆ 60 ಗ್ರಾಂ ಸಕ್ಕರೆಯಾಯಿತು. ಅದರಿಂದ ಬರುವ ಶಾಖ 240 ಕ್ಯಾಲೊರಿ. ಇಷ್ಟನ್ನು ಕರಗಿಸಲು ಸಾಧಾರಣ ಮೈಕಟ್ಟಿನವರು ಸುಮಾರು ಒಂದು ಗಂಟೆ ಬಿರುಸಾಗಿ ನಡೆಯಬೇಕು. ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಹೊರಡಿಸಿದ ಆಹಾರ ಸೂಚನೆಗಳಲ್ಲಿ, ಆರೋಗ್ಯವಂತರೂ ದಿನಕ್ಕೆ 25 ಗ್ರಾಂಗಳಿಗಿಂತ ಹೆಚ್ಚು ಸಕ್ಕರೆಯನ್ನು ಸೇರಿಸಿಕೊಳ್ಳಬಾರದೆಂದು ತಿಳಿಸಲಾಗಿದೆ. ಹೀಗಿರುವಲ್ಲಿ, ರೋಗವಿದ್ದು ಪಥ್ಯದಲ್ಲಿರುವವರು ಕಾಫಿಯೊಂದರಿಂದಲೇ ಆ ಮಿತಿಯ ಎರಡರಷ್ಟನ್ನು ದಾಟುತ್ತಿದ್ದಾರೆ. ಹಾಲಿನ ಶಾಖ, ಜೊತೆಗೆ ಬಂದ ಬಿಸ್ಕತ್ತು, ಬೋಂಡ, ನಿಪ್ಪಟ್ಟುಗಳ ಲೆಕ್ಕ ಬೇರೆ.

ನಿವಾರಿಸಬೇಕಾದ ತಪ್ಪು ತಿಳಿವಳಿಕೆಗಳು

ಸಕ್ಕರೆ ಕೆಟ್ಟದ್ದು, ಬೆಲ್ಲ ಒಳ್ಳೆಯದು ಎಂಬ ಮಾತು ಗ್ರಾಮಗಳಲ್ಲಿ ಪ್ರಬಲವಾಗಿದೆ. ಬೆಲ್ಲದಲ್ಲಿ ಅಲ್ಪಸ್ವಲ್ಪ ಲವಣಾಂಶಗಳಿರುವುದು ನಿಜ; ಆದರೆ ನೂರು ಗ್ರಾಂ ಬೆಲ್ಲದಲ್ಲಿ 85 ಗ್ರಾಂಗಳಿಗೆ ಕಡಿಮೆಯಿಲ್ಲದಷ್ಟು ಶರ್ಕರವೇ ತುಂಬಿದೆ. ರಕ್ತಕ್ಕೆ ಆಲೆಮನೆಯ ಬೆಲ್ಲವೂ ಕಾರ್ಖಾನೆಯ ಸಕ್ಕರೆಯೂ ಬಹುಮಟ್ಟಿಗೆ ಒಂದೇ. ಜೇನಿನ ವಿಷಯದಲ್ಲಿಯೂ ಹಾಗೆಯೇ.

ಎರಡನೆಯದಾಗಿ, ರಾಗಿಯಲ್ಲಿ ಪಿಷ್ಟವಿಲ್ಲವೆಂಬ ಭ್ರಮೆ. 2023ನೆಯ ಇಸವಿಯನ್ನು ಅಂತಾರಾಷ್ಟ್ರೀಯ ಕಿರುಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಈ ಭ್ರಮೆಯು ಮತ್ತಷ್ಟು ಹರಡಿದೆ. ರಾಗಿಯಲ್ಲಿ ಸುಣ್ಣದ ಅಂಶ ವಿಶೇಷವಾಗಿದೆ, ನಾರೂ ಇದೆ. ಇವು ಅದರ ನಿಜವಾದ ಗುಣಗಳು. ಆದರೆ ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಶರ್ಕರಪಿಷ್ಟವು ಸುಮಾರು 67ರಿಂದ 72 ಗ್ರಾಂಗಳಷ್ಟಿದೆ. ಅಕ್ಕಿಯಲ್ಲಿ ಸುಮಾರು 78 ಗ್ರಾಂ. ಅಳತೆ ತಪ್ಪಿದರೆ ರಾಗಿಯೂ ಅಕ್ಕಿಯಷ್ಟೇ ಬಾಧಕ. ರಾಗಿಯ ಬಿಸ್ಕತ್ತು, ರಾಗಿಯ ಲಾಡು ಎಂಬ ಹೆಸರಿನಲ್ಲಿ ಮಾರುವ ಪದಾರ್ಥಗಳಲ್ಲಿ ಸಕ್ಕರೆ, ಬೆಲ್ಲ, ಎಣ್ಣೆಗಳು ಎಷ್ಟಿವೆ ಎಂಬುದನ್ನು ಪೊಟ್ಟಣದ ಮೇಲೆ ನೋಡಿಯೇ ಕೊಳ್ಳಬೇಕು.

ಮೂರನೆಯದಾಗಿ, ಪುರಿ, ಅವಲಕ್ಕಿಗಳು ಹಗುರವಾದ್ದರಿಂದ ನಿರಪಾಯವೆಂಬ ಭಾವನೆ. ಹೊಟ್ಟೆಗೆ ಹಗುರವೆನಿಸಿದರೂ ಅವು ಅಕ್ಕಿಯಿಂದಲೇ ಆದವು. ನೂರು ಗ್ರಾಂ ತೂಕಕ್ಕೆ ಪುರಿಯಲ್ಲಿ 74, ಅವಲಕ್ಕಿಯಲ್ಲಿ 77 ಗ್ರಾಂಗಳಷ್ಟು ಶರ್ಕರಪಿಷ್ಟವಿದೆ.

ಕಡೆಯದಾಗಿ, ಕೃತಕ ಸಿಹಿಯ ಮಾತ್ರೆಗಳು. ತೂಕವನ್ನಿಳಿಸುವ ಉಪಾಯವಾಗಿ ಇವುಗಳನ್ನು ಅವಲಂಬಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯವರು 2023ರಲ್ಲಿ ಸಲಹೆ ಮಾಡಿದ್ದಾರೆ. ಆ ಸಲಹೆ ಈಗಾಗಲೇ ಮಧುಮೇಹವುಳ್ಳವರನ್ನು ಕುರಿತದ್ದಲ್ಲವಾದರೂ, ನಾಲಗೆಯನ್ನು ಸಿಹಿಯಿಂದಲೇ ಬಿಡಿಸುವುದು ಎಲ್ಲರಿಗೂ ಉತ್ತಮವಾದ ಮಾರ್ಗ.

ಹೊಲದಲ್ಲಿಯೇ ದೊರೆಯುವ ತಿಂಡಿಗಳು

ಪಥ್ಯದಲ್ಲಿರುವವರಿಗೆ ಯೋಗ್ಯವಾದ ತಿಂಡಿಗಳನ್ನು ಪಟ್ಟಣದ ಅಂಗಡಿಗಳಲ್ಲಿ ಹೆಚ್ಚು ಬೆಲೆಗೆ ಮಾರುವುದುಂಟು. ಜಮೀನುದಾರರು ಅವುಗಳಿಗಾಗಿ ಹಣ ವೆಚ್ಚ ಮಾಡಬೇಕಾದ ಅಗತ್ಯವೇ ಇಲ್ಲ. ಸಾಧಾರಣ ಪದಾರ್ಥಗಳ ಸ್ಥೂಲವಾದ ಲೆಕ್ಕವನ್ನು ಕೆಳಗೆ ಕೊಟ್ಟಿದೆ.

ಹುರಿದ ಕಡಲೆಕಾಯಿ ಬೀಜ, 30 ಗ್ರಾಂ (ಒಂದು ಹಿಡಿ): ಶಾಖ ಸುಮಾರು 165 ಕ್ಯಾಲೊರಿ, ಶರ್ಕರಪಿಷ್ಟ 5ರಿಂದ 8 ಗ್ರಾಂ, ಸಸಾರಜನಕ 7 ಗ್ರಾಂ.

ಹುರಿಗಡಲೆ, 30 ಗ್ರಾಂ: ಶಾಖ ಸುಮಾರು 110, ಶರ್ಕರಪಿಷ್ಟ 17, ಸಸಾರಜನಕ 7.

ಮೊಳಕೆ ಹುರುಳಿಯ ಉಸಲಿ, 30 ಗ್ರಾಂ ಒಣಕಾಳಿನಿಂದ ಮಾಡಿದ್ದು, ಒಗ್ಗರಣೆಯ ಎಣ್ಣೆ ಬಿಟ್ಟು: ಶಾಖ ಸುಮಾರು 100, ಶರ್ಕರಪಿಷ್ಟ 17, ಸಸಾರಜನಕ 6ರಿಂದ 7.

ಬೇಯಿಸಿದ ಕೋಳಿಮೊಟ್ಟೆ, ಒಂದು: ಶಾಖ ಸುಮಾರು 70; ಶರ್ಕರಪಿಷ್ಟ ಒಂದು ಗ್ರಾಂಗಿಂತ ಕಡಿಮೆ; ಸಸಾರಜನಕ 6.

ಸೌತೆಕಾಯಿ, 100 ಗ್ರಾಂ: ಶಾಖ 20ಕ್ಕೆ ಮೀರದು, ಶರ್ಕರಪಿಷ್ಟ ಸುಮಾರು 3.

ಬಾಳೆಯ ಹಣ್ಣು, ಸುಲಿದದ್ದು 100 ಗ್ರಾಂ: ಶಾಖ ಸುಮಾರು 110, ಶರ್ಕರಪಿಷ್ಟ 25ರ ಆಸುಪಾಸು, ಸಸಾರಜನಕ ಸುಮಾರು 1.

ಈ ಲೆಕ್ಕದಿಂದ ಎರಡು ಅಂಶಗಳು ವ್ಯಕ್ತವಾಗುತ್ತವೆ. ಕಡಲೆಕಾಯಿಯಲ್ಲಿ ಶರ್ಕರಪಿಷ್ಟ ಕಡಿಮೆಯಾದರೂ ಜಿಡ್ಡು ನೂರಕ್ಕೆ 40ರಷ್ಟಿರುವುದರಿಂದ ಶಾಖ ಅಧಿಕ. ಆದುದರಿಂದ ಒಂದು ಹಿಡಿಯನ್ನು ತಟ್ಟೆಗೆ ಎಣಿಸಿಟ್ಟುಕೊಂಡು ತಿನ್ನಬೇಕೇ ಹೊರತು, ಮೊರವನ್ನು ಮುಂದಿಟ್ಟುಕೊಂಡು ಮಾತಿಗೆ ಕೂರಬಾರದು. ತೆಂಗಿನಕಾಯಿಗೂ ಇದೇ ನಿಯಮ. ಹಸಿಯ ಕಾಯಿಯಲ್ಲಿ ಜಿಡ್ಡು ನೂರಕ್ಕೆ 40ರಷ್ಟು, ಕೊಬ್ಬರಿಯಲ್ಲಿ 60ನ್ನು ಮೀರಿದಷ್ಟು. ಎರಡನೆಯದಾಗಿ, ಹುರುಳಿ, ಕಡಲೆ, ಅವರೆ, ಹೆಸರು ಇವುಗಳಲ್ಲಿ ಪಿಷ್ಟವಿದ್ದರೂ ಸಸಾರಜನಕವೂ ನಾರೂ ಜೊತೆಗಿರುವುದರಿಂದ ರಕ್ತಕ್ಕೆ ಸಕ್ಕರೆಯು ನಿಧಾನವಾಗಿ ಸೇರುತ್ತದೆ, ಹಸಿವೂ ಬಹಳ ಹೊತ್ತು ತಡೆಯುತ್ತದೆ. ಹೆಸರುಬೇಳೆಯನ್ನು ನೆನೆಸಿ, ಸೌತೆಕಾಯಿ, ಕೊತ್ತಂಬರಿ, ನಿಂಬೆರಸ ಸೇರಿಸಿದ ಕೋಸಂಬರಿಗಿಂತ ಉತ್ತಮವಾದ ಸಂಜೆಯ ತಿಂಡಿಯು ದೊರೆಯುವುದು ಕಷ್ಟ. ಮಾಗಿಯ ಕಾಲದಲ್ಲಿ ಸೊಗಡಿನ ಅವರೆಕಾಯಿಯನ್ನು ಉಪ್ಪುನೀರಿನಲ್ಲಿ ಬೇಯಿಸಿ ಸುಲಿದು ತಿನ್ನುವ ಹಳೆಯ ಪದ್ಧತಿಯೂ ಅಷ್ಟೇ ಶ್ರೇಷ್ಠವಾದದ್ದು. ಅದೇ ಅವರೆಯನ್ನು ಹಿದುಕಿ ಎಣ್ಣೆಯಲ್ಲಿ ಕರಿದರೆ ಗುಣವು ಕೆಡುತ್ತದೆ. ಕಾಳು ಹೀರಿದ ಒಂದೊಂದು ಚಮಚೆ ಎಣ್ಣೆಗೂ 45 ಕ್ಯಾಲೊರಿಗಳು ಸೇರುತ್ತವೆ.

ಹಣ್ಣುಗಳನ್ನು ಪೂರ್ಣವಾಗಿ ಬಿಡಬೇಕಾಗಿಲ್ಲ. ಹಿತ್ತಲಿನ ಸೀಬೆ, ಪರಂಗಿ, ನೇರಳೆಗಳನ್ನು ಮಿತವಾಗಿ ತಿನ್ನಬಹುದು. ಮಾವು, ಹಲಸು, ಬಾಳೆಗಳಲ್ಲಿ ಸಕ್ಕರೆ ಹೆಚ್ಚಾದ್ದರಿಂದ ಊಟವಾದೊಡನೆ ತಿನ್ನದೆ, ಬೇರೆ ವೇಳೆಯಲ್ಲಿ ಒಂದೆರಡು ಹೋಳುಗಳಿಗೆ ನಿಲ್ಲಿಸತಕ್ಕದ್ದು. ಯಾವ ಹಣ್ಣನ್ನೇ ಆಗಲಿ ಹಿಂಡಿ ರಸವಾಗಿ ಕುಡಿಯುವುದಕ್ಕಿಂತ ಅಗಿದು ತಿನ್ನುವುದು ಲೇಸು. ರಸದಲ್ಲಿ ನಾರು ಹೋಗಿ ಸಕ್ಕರೆ ಉಳಿಯುತ್ತದೆ.

ಪಾನೀಯಗಳ ತಾರತಮ್ಯ

ಬಾಯಾರಿಕೆಗೆ ನೀರಿಗೆ ಸಮನಾದದ್ದು ಬೇರೊಂದಿಲ್ಲ. ನೀರಿನ ನಂತರದ ಸ್ಥಾನವು ನೀರುಮಜ್ಜಿಗೆಗೆ ಸಲ್ಲತಕ್ಕದ್ದು. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು ಬೆರೆಸಿ ಕಡೆದ ಒಂದು ಲೋಟ ಮಜ್ಜಿಗೆಯಲ್ಲಿ ಶಾಖ ಸುಮಾರು 30 ಕ್ಯಾಲೊರಿ, ಶರ್ಕರ 2 ಗ್ರಾಂಗಳ ಒಳಗೆ. ಬೆಣ್ಣೆ ತೆಗೆದ ಮಜ್ಜಿಗೆಯಾದರೆ ಶಾಖ ಇನ್ನೂ ಕಡಿಮೆ. ಶುಂಠಿ, ಕರಿಬೇವು, ಇಂಗು ಹಾಕಬಹುದು. ರಕ್ತದ ಒತ್ತಡವುಳ್ಳವರು ಉಪ್ಪನ್ನು ಬಿಡಬೇಕು. ಶ್ರೀರಾಮನವಮಿಯ ದಿನ ಹಂಚುವ ಮೂರು ಪದಾರ್ಥಗಳಲ್ಲಿ ಕೋಸಂಬರಿಯೂ ನೀರುಮಜ್ಜಿಗೆಯೂ ಪಥ್ಯದವರಿಗೆ ಸಲ್ಲುತ್ತವೆ. ಪಾನಕವನ್ನು ಮಾತ್ರ ಪ್ರಸಾದವೆಂದು ಒಂದು ಉದ್ಧರಣೆಯಷ್ಟು ಸ್ವೀಕರಿಸಿದರೆ ಸಾಕು.

ಎಳನೀರಿನಲ್ಲಿ ಸಕ್ಕರೆಯಿಲ್ಲವೆಂದು ತಿಳಿಯುವುದು ಸರಿಯಲ್ಲ; ಒಂದು ಬುರುಡೆಯಲ್ಲಿ ಸುಮಾರು 10ರಿಂದ 15 ಗ್ರಾಂಗಳಷ್ಟಿರುತ್ತದೆ. ಬಿಸಿಲಿನಲ್ಲಿ ತಿರುಗಿದ ದಿನ ಒಂದನ್ನು ಕುಡಿಯಬಹುದು. ಅದರಲ್ಲಿ ಪೊಟ್ಯಾಸಿಯಂ ಅಧಿಕವಾದ್ದರಿಂದ ಮೂತ್ರಪಿಂಡದ ಬೇನೆಯುಳ್ಳವರು ವೈದ್ಯರನ್ನು ಕೇಳದೆ ಕುಡಿಯಕೂಡದು. ಕಬ್ಬಿನ ಹಾಲಿನಲ್ಲಿ ಸಕ್ಕರೆಯ ಅಂಶ ನೂರಕ್ಕೆ 12ರಿಂದ 15. ಕಾಲು ಲೀಟರಿನ ಒಂದು ಲೋಟದಲ್ಲಿ 30 ಗ್ರಾಂಗಳಿಗೆ ಕಡಿಮೆಯಿಲ್ಲ. ಸೀಸೆಗಳಲ್ಲಿ ಬರುವ ಸಿಹಿ ಸೋಡಾಗಳಲ್ಲಿ ನೂರು ಮಿಲಿಲೀಟರಿಗೆ 10ರಿಂದ 11 ಗ್ರಾಂ ಸಕ್ಕರೆಯಿರುವುದರಿಂದ, ಅಷ್ಟೇ ಅಳತೆಯ ಒಂದು ಸೀಸೆಯಿಂದ ಇಡೀ ದಿನದ ಮಿತಿಯು ಮುಗಿಯುತ್ತದೆ. ತೆಳುವಾದ ರಾಗಿಯ ಅಂಬಲಿಯನ್ನು 20 ಗ್ರಾಂ ಹಿಟ್ಟಿಗೆ ಮೀರದಂತೆ ಕಾಸಿ ಮಜ್ಜಿಗೆ ಬೆರೆಸಿದರೆ ಶರ್ಕರಪಿಷ್ಟ 15 ಗ್ರಾಂಗಳ ಒಳಗೇ ಇರುತ್ತದೆ. ಇದನ್ನು ಪಾನೀಯವೆಂದಲ್ಲ, ತಿಂಡಿಯೆಂದೇ ಎಣಿಸಬೇಕು.

ಮದ್ಯದ ವಿಷಯವನ್ನು ಮರೆಮಾಚುವುದರಿಂದ ಪ್ರಯೋಜನವಿಲ್ಲ. ಕಡು ಮದ್ಯದ 60 ಮಿಲಿಲೀಟರುಗಳಲ್ಲಿ ಸಕ್ಕರೆ ಇಲ್ಲದಿದ್ದರೂ ಸುಮಾರು 140 ಕ್ಯಾಲೊರಿಗಳ ಶಾಖವಿದೆ. ಜೊತೆಗೆ ತಿನ್ನುವ ಕರಿದ ಪದಾರ್ಥಗಳು ಅದನ್ನು ಇಮ್ಮಡಿ ಮುಮ್ಮಡಿ ಮಾಡುತ್ತವೆ. ಮಧುಮೇಹಕ್ಕೆ ಔಷಧ ಸೇವಿಸುವವರು ಬರಿಹೊಟ್ಟೆಯಲ್ಲಿ ಕುಡಿದರೆ ರಕ್ತದ ಸಕ್ಕರೆಯು ಒಮ್ಮೆಗೇ ಕುಸಿದು ಪ್ರಾಣಾಪಾಯವಾಗಬಹುದು.

ಕಾಫಿಯನ್ನು ಬಿಡಲಾರದವರು ಸಕ್ಕರೆಯನ್ನು ಬಿಡಬಹುದು. ಎರಡು ಚಮಚೆ ಹಾಕಿಕೊಳ್ಳುವವರು ಹತ್ತು ದಿನಗಳಿಗೊಮ್ಮೆ ಅರ್ಧ ಚಮಚೆಯಂತೆ ಕಡಿಮೆ ಮಾಡುತ್ತ ಬಂದರೆ ನಲವತ್ತು ದಿನಗಳಲ್ಲಿ, ಎಂದರೆ ಒಂದು ಮಂಡಲದೊಳಗೆ, ಸಕ್ಕರೆಯೇ ಇಲ್ಲದ ಕಾಫಿಗೆ ನಾಲಗೆ ಒಗ್ಗುತ್ತದೆ. ಊಟಕ್ಕೆ ಒಂದು ಗಂಟೆ ಹಿಂದೆ ಮುಂದೆ ಕಾಫಿ, ಚಹಾಗಳನ್ನು ವರ್ಜಿಸಬೇಕು. ಇಲ್ಲವಾದರೆ ಆಹಾರದಲ್ಲಿನ ಕಬ್ಬಿಣದ ಅಂಶವು ದೇಹಕ್ಕೆ ಸರಿಯಾಗಿ ಸೇರುವುದಿಲ್ಲ.

ಉಪಚಾರವನ್ನು ತಿದ್ದುವ ಬಗೆ

ಉಪಚಾರವು ಗ್ರಾಮಜೀವನದ ಭೂಷಣ. ಅದನ್ನು ನಿರಾಕರಿಸುವುದು ಸಾಧ್ಯವೂ ಅಲ್ಲ, ಯುಕ್ತವೂ ಅಲ್ಲ. ಆದರೆ ಉಪಚಾರದ ಸ್ವರೂಪವನ್ನು ಮಾರ್ಪಡಿಸಬಹುದು. "ಕಾಫಿ ಬೇಡ" ಎಂದು ಮಾತ್ರ ಹೇಳಿದರೆ ಮನೆಯಾಕೆಗೆ ಬೇಸರವಾಗುತ್ತದೆ; "ಅವ್ವಾ, ಒಂದು ಲೋಟ ನೀರುಮಜ್ಜಿಗೆ ಕೊಡು, ಬಿಸಿಲಿನಲ್ಲಿ ಬಂದಿದ್ದೇನೆ" ಎಂದು ಕೇಳಿ ಕುಡಿದರೆ ಮರ್ಯಾದೆಯೂ ಉಳಿಯುತ್ತದೆ, ಪಥ್ಯವೂ ನಡೆಯುತ್ತದೆ. ಕೇಳಿ ಪಡೆದದ್ದಕ್ಕೆ ಗೌರವವು ಹೆಚ್ಚು. ಎಲ್ಲರ ಮನೆಯಲ್ಲಿಯೂ ಒಂದೇ ಬಗೆಯಾಗಿ ಕೇಳುವುದರಿಂದ ಪಕ್ಷಪಾತದ ಮಾತಿಗೂ ಆಸ್ಪದವಿಲ್ಲ.

ಇದಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ಮುಖಂಡರು ನಡೆದಂತೆ ಊರು ನಡೆಯುತ್ತದೆ. ಪಂಚಾಯತಿ ಸಭೆ, ಸಹಕಾರ ಸಂಘದ ವಾರ್ಷಿಕ ಸಭೆ, ನಾಮಕರಣ, ಗೃಹಪ್ರವೇಶಗಳಲ್ಲಿ ಸಿಹಿ ಕಾಫಿ ಬಿಸ್ಕತ್ತುಗಳ ಬದಲು ಮಜ್ಜಿಗೆ, ಕೋಸಂಬರಿ, ಉಸಲಿಗಳನ್ನು ಕೊಡುವುದನ್ನು ಒಬ್ಬ ಮುಖಂಡರು ತಮ್ಮ ಮನೆಯಿಂದ ಆರಂಭಿಸಿದರೆ, ಬೇಡವೆನ್ನಲು ಸಂಕೋಚಪಡುವ ಎಷ್ಟೋ ಮಂದಿ ರೋಗಿಗಳಿಗೆ ಉಪಕಾರವಾಗುತ್ತದೆ. ಸಕ್ಕರೆಯನ್ನು ಕಾಫಿಯಲ್ಲಿ ಬೆರೆಸದೆ ಬೇರೆ ಬಟ್ಟಲಿನಲ್ಲಿ ಇಡುವುದರಿಂದಲೂ ಬಹಳ ಅನುಕೂಲವಿದೆ, ಬೇಕಾದವರು ಹಾಕಿಕೊಳ್ಳುತ್ತಾರೆ.

ಬೇಸಾಯದಲ್ಲಿ ಮಾಡಬೇಕಾದ ಏರ್ಪಾಡು

ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಇಡುವುದು ಹಿರಿಯರ ವಾಡಿಕೆಯಾಗಿತ್ತು. ಮನೆಗೆ ವರ್ಷವಿಡೀ ಬೇಕಾದ ಕಾಳು ಆ ಸಾಲುಗಳಿಂದಲೇ ಬರುತ್ತಿತ್ತು. ಒಂದೇ ಪೈರನ್ನು ಇಡುವ ಪದ್ಧತಿ ಬಂದ ಮೇಲೆ ಅನೇಕ ಕಡೆ ಈ ಸಾಲುಗಳು ಮಾಯವಾಗಿ, ಕಾಳನ್ನು ಅಂಗಡಿಯಿಂದ ತರುವಂತಾಗಿದೆ. ಬೆಲೆಯೇರಿದಾಗ ಅದು ತಟ್ಟೆಯಿಂದಲೂ ಮಾಯವಾಗಿ ಬರಿಯ ಪಿಷ್ಟವೇ ಉಳಿಯುತ್ತದೆ. ಅಕ್ಕಡಿ ಸಾಲನ್ನು ಪುನಃ ಆರಂಭಿಸುವುದರಿಂದ ಭೂಮಿಗೆ ಸಾರಜನಕವೂ, ಮನೆಗೆ ಸಸಾರಜನಕವೂ ಒದಗುತ್ತವೆ. ಹಿತ್ತಲಿನಲ್ಲಿ ಒಂದೆರಡು ಗುಂಟೆಯಷ್ಟು ಜಾಗದಲ್ಲಿ ಸೌತೆ, ಮೂಲಂಗಿ, ಸೊಪ್ಪುಗಳನ್ನೂ, ಬೇಲಿಯ ಬಳಿ ನಿಂಬೆ, ಸೀಬೆ, ನುಗ್ಗೆಗಳನ್ನೂ ಬೆಳೆದುಕೊಂಡರೆ ತಿಂಡಿಗಾಗಿ ಪೇಟೆಯನ್ನು ನೋಡಬೇಕಾಗಿಲ್ಲ.

ಕಡಲೆಕಾಯಿಯನ್ನು ಮನೆಬಳಕೆಗೆ ತೆಗೆದಿಡುವವರು ಚೆನ್ನಾಗಿ ಒಣಗಿಸಿ, ತೇವವು ನೂರಕ್ಕೆ 8ಕ್ಕೆ ಇಳಿದ ಮೇಲೆ, ಸಿಪ್ಪೆಯ ಸಹಿತವಾಗಿ ನೆಲದಿಂದ ಎತ್ತರದಲ್ಲಿ ಶೇಖರಿಸತಕ್ಕದ್ದು. ಒಣಗಿದ ಕಾಯನ್ನು ಅಲುಗಾಡಿಸಿದರೆ ಬೀಜ ಸದ್ದು ಮಾಡುತ್ತದೆ. ತೇವದಲ್ಲಿ ಹಿಡಿಯುವ ಹಳದಿ ಹಸುರು ಬೂಷ್ಟಿನಿಂದ ಯಕೃತ್ತಿಗೆ ಹಾನಿಕರವಾದ ಅಫ್ಲಾಟಾಕ್ಸಿನ್ ಎಂಬ ವಿಷವು ಉಂಟಾಗುತ್ತದೆ. ಹುರಿದರೂ ಅದು ಪೂರ್ಣವಾಗಿ ನಾಶವಾಗುವುದಿಲ್ಲ. ಬೂಷ್ಟು ಹಿಡಿದ, ಸುಕ್ಕಿದ, ಕಹಿಯಾದ ಬೀಜಗಳನ್ನು ಆರಿಸಿ ಎಸೆಯಬೇಕು. ಅವುಗಳನ್ನು ಹಸುಗಳಿಗೂ ಹಾಕಬಾರದು.

ಎಚ್ಚರಿಕೆಗಳು

ಮಧುಮೇಹಕ್ಕೆ ಇನ್ಸುಲಿನ್ ಚುಚ್ಚಿಸಿಕೊಳ್ಳುವವರೂ, ಸಕ್ಕರೆಯನ್ನಿಳಿಸುವ ಮಾತ್ರೆಗಳನ್ನು ನುಂಗುವವರೂ, ವೈದ್ಯರಿಗೆ ತಿಳಿಸದೆ ಶರ್ಕರಪಿಷ್ಟವನ್ನು ಒಮ್ಮೆಗೇ ತಗ್ಗಿಸಕೂಡದು. ಆಹಾರ ಇಳಿದು ಔಷಧ ಇಳಿಯದಿದ್ದರೆ ರಕ್ತದ ಸಕ್ಕರೆಯು ಮಿತಿಮೀರಿ ಕುಸಿದು, ಬೆವರು, ನಡುಕ, ಎದೆಬಡಿತ, ಮಾತಿನ ತೊದಲು ಕಾಣಿಸಿಕೊಳ್ಳುತ್ತವೆ. ಆ ಕ್ಷಣದಲ್ಲಿ ಪಥ್ಯದ ವಿಚಾರವನ್ನು ಬದಿಗಿಟ್ಟು ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಕಾಲು ಗಂಟೆಯಲ್ಲಿ ಚೇತರಿಸದಿದ್ದರೆ ಪುನಃ ಅಷ್ಟೇ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು. ಒಬ್ಬರೇ ಜಮೀನಿಗೆ ಹೋಗುವ ಇಂತಹವರು ಜೇಬಿನಲ್ಲಿ ಒಂದು ಪೊಟ್ಟಣ ಸಕ್ಕರೆ ಇಟ್ಟುಕೊಂಡಿರುವುದು ಕ್ಷೇಮ.

ಮೂತ್ರಪಿಂಡದ ದೋಷವುಳ್ಳವರಿಗೆ ಕಾಳು, ಮೊಟ್ಟೆಗಳ ಪ್ರಮಾಣವನ್ನು ವೈದ್ಯರೇ ಗೊತ್ತುಮಾಡಬೇಕು. ಬೆಳೆಯುವ ಮಕ್ಕಳು, ಗರ್ಭಿಣಿಯರು, ಮೊಲೆಯುಣಿಸುವ ತಾಯಂದಿರು ತಾವಾಗಿಯೇ ಈ ಪಥ್ಯವನ್ನು ಹಿಡಿಯಬಾರದು. ಯಜಮಾನರು ಪಥ್ಯದಲ್ಲಿದ್ದಾರೆಂಬ ಕಾರಣದಿಂದ ಕೂಲಿಯಾಳುಗಳ ಬುತ್ತಿಯನ್ನು ಕಿರಿದು ಮಾಡುವುದೂ ಸರಿಯಲ್ಲ. ನಾಟಿ, ಕೊಯ್ಲುಗಳಲ್ಲಿ ದುಡಿಯುವವರಿಗೆ ಶಾಖವು ಪೂರ್ಣವಾಗಿಯೇ ಬೇಕು. ಮಧುಮೇಹವುಳ್ಳವರು ಪ್ರತಿರಾತ್ರಿ ದೀಪದ ಬೆಳಕಿನಲ್ಲಿ ಅಂಗಾಲುಗಳನ್ನು ಪರೀಕ್ಷಿಸಿಕೊಳ್ಳುವುದೂ, ಗದ್ದೆಗೆ ಪಾದರಕ್ಷೆಯಿಲ್ಲದೆ ಇಳಿಯದಿರುವುದೂ ಅವಶ್ಯಕ.

ಮೇಲೆ ಹೇಳಿದ ವಿಷಯಗಳಲ್ಲಿ ಹಣ ವೆಚ್ಚವಾಗತಕ್ಕದ್ದು ಯಾವುದೂ ಇಲ್ಲ. ಸಕ್ಕರೆಯನ್ನು ಅರ್ಧರ್ಧ ಚಮಚೆಯಾಗಿ ಬಿಡುವುದು, ಮಜ್ಜಿಗೆಯನ್ನು ಕೇಳಿ ಕುಡಿಯುವುದು, ಕಡಲೆಕಾಯಿಯನ್ನು ಹಿಡಿಯಲ್ಲಿ ಅಳೆಯುವುದು, ಹೊಲದಲ್ಲಿ ನಾಲ್ಕು ಸಾಲು ಅವರೆ ಇಡುವುದು ಇವಿಷ್ಟೇ. ಬರುವ ಮುಂಗಾರಿನಲ್ಲಿ ರಾಗಿಯ ಬಿತ್ತನೆಗೆ ಬೀಜವನ್ನು ಸಿದ್ಧಪಡಿಸುವಾಗ ಅಕ್ಕಡಿಯ ಕಾಳನ್ನೂ ಜೊತೆಯಲ್ಲಿ ತೆಗೆದಿಡುವಂತೆ ಗ್ರಾಮ ಮುಖಂಡರು ತಮ್ಮ ಮನೆಯಲ್ಲಿಯೂ ನೆರೆಹೊರೆಯಲ್ಲಿಯೂ ತಿಳಿಸಬೇಕು. ಗ್ರಾಮದಲ್ಲಿ ಮೂವತ್ತು ವರ್ಷ ದಾಟಿದ ಪ್ರತಿಯೊಬ್ಬರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವಂತೆಯೂ ಅವರು ಪ್ರೇರೇಪಿಸತಕ್ಕದ್ದು. ಭೂಮಿಯ ಮಣ್ಣನ್ನು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕುವ ಜಾಣ್ಮೆಯುಳ್ಳ ಜಮೀನುದಾರರು, ಆ ಭೂಮಿಯನ್ನು ನೋಡಿಕೊಳ್ಳಬೇಕಾದ ತಮ್ಮ ದೇಹದ ವಿಷಯದಲ್ಲಿ ಅಷ್ಟೇ ಜಾಗರೂಕತೆಯನ್ನು ವಹಿಸುವುದು ನ್ಯಾಯವಾಗಿದೆ.